ಪರಾತದ ತಾಳ

ಅಲ್ಫಿಯಾ ಅಡಿಗೆಮನೆಯ ಕಿಟಕಿಯನ್ನೂ ಎಳೆದು ಚಿಲಕ ಹಾಕಿದಳು. ನಡುಮನೆಯ ಕಿಟಕಿಗಳನ್ನು ಮೊದಲೇ ಮುಚ್ಚಿದ್ದಳು. ಒಲೆಯ ಮೇಲೆ ಬೋರೆ ಎಲೆ ಹಾಕಿದ ನೀರು ಕುದಿಯುತ್ತಿತ್ತು. ಅದರ ಆವಿಗೆ ಹೊರಹೋಗಲು ದಾರಿಯಿಲ್ಲದೆ ಮನೆಯೆಲ್ಲ ತುಂಬಿಕೊಂಡಿತು. ಮೇ ತಿಂಗಳು, ಹೊತ್ತು ಏರುವ ಮೊದಲೇ ರಾಯಾಪುರದ ಗೋಡೆಗಳು ಕಾದಿದ್ದವು. ಮಯ್ಯತ್ತಿಗೆ ಬಂದ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡಿದರು. ಸಾವಾದ ಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಕೂತವರನ್ನು ಅವರಾರೂ ಕಂಡಿರಲಿಲ್ಲ.

“ಉಸುರು ಕಟ್ಟಾಕತ್ತೇತಿ, ಒಂದರ ತಗಿಯವ್ವಾ,” ಎಂದಳು ರಸೂಲಬಿ. ಓಣಿಯಲ್ಲಿ ಹೆಂಗಸರು ತೀರಿಕೊಂಡರೆ ಸ್ನಾನ ಮಾಡಿಸಲು ಕರೆಯುವುದು ಅವಳನ್ನೇ. ಇವತ್ತು ತೀರಿಕೊಂಡ ಗುಲ್ಜಾರಬಿ ಅವಳಿಗೆ ಹುಡುಗಿಯಿದ್ದಾಗಿನಿಂದ ಗೆಳತಿ.

“ಧೂಳ ಬರತೈತಿ ಖಾಲಾ.”

ಧೂಳು ಬರುವುದು ಸುಳ್ಳಲ್ಲ. ಹುಬ್ಬಳ್ಳಿ-ಧಾರವಾಡದ ದೊಡ್ಡ ರಸ್ತೆ ಮನೆಯಿಂದ ಕೂಗಳತೆಯಲ್ಲಿದೆ. ಆದರೆ ಆ ಮನೆಯವರು ಧೂಳಿಗೆ ಎಂದೂ ಅಂಜಿದವರಲ್ಲ. ಅಲ್ಫಿಯಾ ಅಂಜಿದ್ದು ಹಿಂದಿನ ಓಣಿಯ ಮದುವೆಗೆ. ಅಲ್ಲಿ ಬೆಳಗಿನಿಂದ ಹಂದರದ ಮುಂದೆ ಆಳೆತ್ತರದ ಸ್ಪೀಕರುಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದರು.

ಈಗ ಈ ಕಡೆ ಮದುವೆಯೆಂದ ಮೇಲೆ ಆ ಒಂದು ಹಾಡು ಇಲ್ಲದೆ ಮುಗಿಯುವುದಿಲ್ಲ. ಹಳೆಯ ಬೀಗರ ಹಾಡು. ಯಾವನೋ ಅದಕ್ಕೆ ಹೊಸ ಡೋಲು ಸೇರಿಸಿ ಬಿಟ್ಟಿದ್ದ. ಹೊಲಸು ಭಾಷೆಯಿದೆಯೆಂದು ಹೋದ ತಿಂಗಳು ಹುಬ್ಬಳ್ಳಿಯ ಎಫ್ಎಂ ರೇಡಿಯೊದವರು ಅದನ್ನು ನಿಲ್ಲಿಸಿದರು. ರೇಡಿಯೊ ಕೈಬಿಟ್ಟರೆ ಹಾಡು ಸಾಯುತ್ತದೆ ಎಂದುಕೊಂಡವರು ಮದುವೆ ಮನೆಗಳ ಕಡೆ ತಲೆ ಹಾಕಿದವರಲ್ಲ. ನಿಲ್ಲಿಸಿದ ಮೇಲೆಯೇ ಅದಕ್ಕೆ ಕಾಲು ಬಂದಿತ್ತು.

ಆ ಹಾಡಿನ ದನಿ ಗುಲ್ಜಾರಬಿಯದು. ನಡುಮನೆಯಲ್ಲಿ ಬಿಳಿ ಚಾದರದ ಕೆಳಗೆ ಮಲಗಿರುವ, ಬದುಕಿದ್ದಷ್ಟು ದಿನ ಪಿಸುಮಾತು ಬಿಟ್ಟು ಬೇರೆ ಮಾತೇ ಆಡದಿದ್ದ ಗುಲ್ಜಾರಬಿಯದು. ಅದನ್ನು ನಿಲ್ಲಿಸಿದವನು ಅವಳ ಮಗ ಇಕ್ಬಾಲ, ಅಲ್ಫಿಯಾಳ ಅಣ್ಣ. ನವನಗರದ ಒಂದು ಹೈಸ್ಕೂಲಿನಲ್ಲಿ ಮಾಸ್ತರಿಕೆ, ಜೊತೆಗೆ ಮಸೀದಿ ಕಮಿಟಿಯ ಸೆಕ್ರೆಟರಿ. ಓಣಿಯ ಹಿರಿಯರನ್ನೆಲ್ಲ ಕಟ್ಟಿಕೊಂಡು ಹೋಗಿ ರೇಡಿಯೊದವರಿಗೆ ಅರ್ಜಿ ಕೊಟ್ಟವನು ಅವನೇ. ಹಾಡಿದವಳು ಯಾರೆಂದು ಅವನಿಗೆ ತಿಳಿಯದು. ತಿಳಿದವರೆಂದರೆ ಅಲ್ಫಿಯಾ, ರಸೂಲಬಿ, ಮತ್ತೆ ಧಾರವಾಡದಲ್ಲಿರುವ ದತ್ತು ಎಂಬ ಮುದುಕ, ಇಷ್ಟೇ ಜನ.

“ಅಂವ ಮಣ್ಣು ಕೊಡೂತನಕ ಅವಗ ಗೊತ್ತಾಗಬಾರದು,” ಎಂದು ಅಮ್ಮೀ ಅಲ್ಫಿಯಾಳ ಕೈಹಿಡಿದು ಮಾತು ತೆಗೆದುಕೊಂಡಿದ್ದಳು. ಮಗ ಗೋರಿಯ ಮೇಲೆ ತನ್ನ ಪಾಲಿನ ಮಣ್ಣು ಹಾಕಿ ಕೈ ಕೊಡವುವತನಕ. ಅದು ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಅಲ್ಲಿಯವರೆಗೆ ಆ ಹಾಡು ಈ ಗೋಡೆ ದಾಟಿ ಬರಬಾರದು. ಇಕ್ಬಾಲನಿಗೆ ದನಿಯ ಗುರುತು ಸಿಕ್ಕೀತೆಂದು ಅಲ್ಫಿಯಾ ಹೆದರಲಿಲ್ಲ. ಅಮ್ಮೀಯ ತೆರೆದ ದನಿಯನ್ನು ಅವನು ಕೇಳಿಯೇ ಇಲ್ಲ. ಅವಳು ಹೆದರಿದ್ದು ರಸೂಲಬಿಯ ಬಾಯಿಗೆ. ಅಳು ಬಂದರೆ ಆ ಬಾಯಿಗೆ ಹಿಡಿತವಿಲ್ಲ. ತನ್ನ ಗಂಡ ಸತ್ತ ದಿನ ಅವನ ಇನ್ನೊಂದು ಸಂಸಾರದ ಸುದ್ದಿಯನ್ನು ಊರ ಮುಂದೆ ರಾಗ ಮಾಡಿ ಅತ್ತವಳು ಅವಳು. ಗೆಳತಿ ಹೀಗೆ ಮಲಗಿರುವಾಗ ಗೆಳತಿಯ ದನಿಯೇ ಕಿವಿಗೆ ಬಿದ್ದರೆ ಏನೆಲ್ಲ ಹೇಳಿಬಿಟ್ಟಾಳೋ ಎಂದು ಅಲ್ಫಿಯಾ ಚಿಲಕಗಳನ್ನು ಮತ್ತೊಮ್ಮೆ ಎಳೆದು ನೋಡಿದಳು.

*

ಗುಲ್ಜಾರಬಿಗೆ ಹಾಡು ಬಂದದ್ದು ತವರಿನ ಅಂಗಳದಿಂದ. ಆ ಹಳ್ಳಿಯಲ್ಲಿ ಮುಸ್ಲಿಮರ ಮನೆಗಳಲ್ಲೂ ಕನ್ನಡವೇ ಮಾತು, ಮದುವೆಗೆ ಕನ್ನಡದ್ದೇ ಹಾಡು. ಗಂಡಿನ ಕಡೆಯವರು ಬಂದು ಕೂತರೆಂದರೆ ಹೆಣ್ಣಿನ ಕಡೆಯ ಹೆಂಗಸರು ಪರದೆಯ ಹಿಂದೆ ಸೇರುತ್ತಿದ್ದರು. ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ಬೋರಲು ಹಾಕಿ, ಚಮಚದಿಂದ ಬಡಿಯುತ್ತ ಬೀಗರನ್ನು ಬೈಯಲು ಶುರುಮಾಡುತ್ತಿದ್ದರು. ಬೀಗನ ಮೀಸೆ, ಮದುಮಗನ ಹೊಟ್ಟೆ, ಬೀಗತಿಯ ನಡತೆ, ಯಾವುದರ ಮೇಲೂ ಕನಿಕರವಿಲ್ಲ. ಬೀಗತಿಯನ್ನು ಹಾದರಗಿತ್ತಿ ಎನ್ನದೆ ಒಂದು ಮದುವೆಯೂ ಮುಗಿದದ್ದಿಲ್ಲ. ಬೈಸಿಕೊಂಡವಳು ನಕ್ಕು ಎಲೆಯಡಿಕೆ ಕಳಿಸಬೇಕು. ಬೈಗುಳ ಕಡಿಮೆ ಬಿದ್ದರೆ ನಮ್ಮನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೆಂದು ಮುನಿಸಿಕೊಳ್ಳುತ್ತಿದ್ದಳು.

ಗುಲ್ಜಾರಬಿ ಮದುವೆಯಾಗಿ ರಾಯಾಪುರಕ್ಕೆ ಬಂದಾಗ ದತ್ತು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಒಂದು ಕೋಣೆ ಹಿಡಿದು ಕ್ಯಾಸೆಟ್ ಮಾಡಿ ಮಾರುತ್ತಿದ್ದ. ಅವನದು ಧಾರವಾಡದ ಸಂಗೀತದ ಮನೆ. ಅಪ್ಪ ರಾಗ ಬಿಟ್ಟು ಬೇರೆ ಕೇಳುವವರಲ್ಲ, ಮಗನಿಗೆ ಓಣಿಯ ಹಾಡಿನ ಹುಚ್ಚು. ಅವನ ಸ್ಕೂಟರನ್ನು ರಿಪೇರಿ ಮಾಡುತ್ತಿದ್ದವನು ರಾಯಾಪುರದ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಲಾಲಸಾಬ, ಗುಲ್ಜಾರಬಿಯ ಗಂಡ. ಲಾಲಸಾಬನ ತಂಗಿಯ ಮದುವೆಗೆ ಬಂದ ದತ್ತು ಪರದೆಯ ಆಚೆಯಿಂದ ಹೊಸ ಸೊಸೆಯ ದನಿ ಕೇಳಿ ಊಟಕ್ಕೆ ಏಳುವುದನ್ನೇ ಮರೆತ. ಲಾಲಸಾಬನಿಗೂ ಹೆಂಡತಿಯ ದನಿಯೆಂದರೆ ಹೆಮ್ಮೆ. ಹೆಸರು ಎಲ್ಲೂ ಹಾಕಬಾರದೆಂದು ಮಾತು ತೆಗೆದುಕೊಂಡು, ಅವಳ ಹಾಡನ್ನು ಕ್ಯಾಸೆಟ್ ಮಾಡಲು ಒಪ್ಪಿದ. ಗುಲ್ಜಾರಬಿ ಬುರ್ಖಾದೊಳಗೇ ಕೂತು, ಮನೆಯಿಂದ ಒಯ್ದ ಪರಾತವನ್ನು ತಾನೇ ಬಡಿಯುತ್ತ ಹಾಡಿದಳು. ಹಿಂದೆ ದನಿಗೂಡಿಸಿದವಳು ರಸೂಲಬಿ.

ದೊಡ್ಡೋರ ಬೀಗತಿ ಬಂದಾಳ
ಮೂಗ ಮನ್ಯಾಗ ಇಟ್ಟ ಬಂದಾಳ

ಅಲ್ಲಿಂದ ಮುಂದೆ ಬೀಗತಿಗೆ ಸಲ್ಲಬೇಕಾದ ಎಲ್ಲವೂ ಸಂದವು. ಕ್ಯಾಸೆಟ್ಟು ಅಂಗಡಿ ಅಂಗಡಿಗೆ ಹೋಯಿತು, ರೇಡಿಯೊದಲ್ಲಿ ಕೇಳುಗರು ಬಯಸಿದ ಹಾಡಾಗಿ ಬಂತು. ಒಂದು ಮದುವೆ ಹಂಗಾಮು ಪೂರ್ತಿ ಎಲ್ಲರ ಬಾಯಲ್ಲೂ ಅದೇ. ಆಮೇಲೆ ರೇಡಿಯೊಕ್ಕೆ ಬೈಗುಳದ ಕಾರ್ಡುಗಳು ಬರತೊಡಗಿದವು, ಹೆಂಗಸಿನ ಬಾಯಲ್ಲಿ ಇಂಥ ಮಾತೇ ಎಂದು. ಹಾಡು ನಿಂತಿತು. ಅಂಗಳದಲ್ಲಿ ಬೀಗತಿಗೆ ನಗು ತರಿಸಿದ ಶಬ್ದ, ಪೆಟ್ಟಿಗೆಯಿಂದ ಬಂದ ಕೂಡಲೇ ಯಾರ್ಯಾರದೋ ಮಾನಕ್ಕೆ ತಗುಲಿತ್ತು. ಪೆಟ್ಟಿಗೆಗೆ ಎಲೆಯಡಿಕೆ ಕಳಿಸುವುದಾದರೂ ಹೇಗೆ?

ಗ್ಯಾರೇಜಿಗೆ ಬಂದವರು ಲಾಲಸಾಬನ ಎದುರಿಗೇ ಆ ಮಾತು ಆಡಿದರು. ಹಾಡಿದವಳ ತಲೆ ಬೋಳಿಸಿ ಮೆರೆಸಬೇಕು ಎಂದ ಒಬ್ಬ. ನನ್ನ ಕೈಗೆ ಸಿಕ್ಕರೆ ನಾಲಿಗೆ ಕೊಯ್ಯುತ್ತೇನೆ ಎಂದ ಇನ್ನೊಬ್ಬ. ಲಾರಿಯ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದ ಲಾಲಸಾಬ ಅವರು ಹೋಗುವತನಕ ಹೊರಗೆ ಬರಲಿಲ್ಲ.

“ಇನ್ನ ಮ್ಯಾಲ ಜೋರಾಗಿ ಮಾತಾಡಬ್ಯಾಡ ಗುಲ್ಜಾರ,” ಎಂದ ಮನೆಗೆ ಬಂದು. “ದನಿ ಹಿಡಿತಾರ.”

ಅವನು ಬೈದಿದ್ದರೆ ಅವಳು ಎದುರಾಡುತ್ತಿದ್ದಳೇನೋ. ಇನ್ನೂ ಬೆಳಕಿರುವಾಗಲೇ ಅವನು ಕದದ ಅಗಳಿ ಹಾಕುವುದನ್ನು ನೋಡಿದಳು. ಆ ಸಂಜೆಯಿಂದ ಅವಳ ದನಿ ಒಳಗೆ ಹೋಯಿತು. ಕಾಯಿಪಲ್ಲೆಯವನಿಗೆ ಬೆರಳು ಮಾಡಿ ತೋರಿಸಿದಳು, ನೆರೆಯವರ ಕಿವಿಯ ಹತ್ತಿರ ಹೋಗಿ ಮಾತಾಡಿದಳು. ಗಂಟಲ ಬೇನೆಯೆಂದು ತಿಳಿದ ಓಣಿಯವರು ಜ್ಯೇಷ್ಠಮಧು ತಂದುಕೊಟ್ಟರು. ಅದನ್ನೂ ಅಗಿದಳು. ಲಾಲಸಾಬ ತೀರಿಕೊಂಡ ಮೇಲೂ ದನಿ ಹೊರಗೆ ಬರಲಿಲ್ಲ. ಮಕ್ಕಳೂ ಮೆಲ್ಲಗೆ ಮಾತಾಡುವುದನ್ನೇ ಕಲಿತರು.

ಒಂದು ಕೆಲಸಕ್ಕೆ ಮಾತ್ರ ಪಿಸುಮಾತು ಸಾಲುತ್ತಿರಲಿಲ್ಲ. ಸಂಜೆ ದೂರ ಆಡುತ್ತಿದ್ದ ಮಕ್ಕಳನ್ನು ಊಟಕ್ಕೆ ಕರೆಯಬೇಕು. ಗುಲ್ಜಾರಬಿ ಹೊಸ್ತಿಲ ಮೇಲೆ ಪರಾತ ಬೋರಲು ಹಾಕಿ ಚಮಚದಿಂದ ಬಡಿಯುತ್ತಿದ್ದಳು. ಟಣ್, ಟಟಣ್, ಟಣ್. ಕೈಗೆ ಬರುತ್ತಿದ್ದದ್ದು ಆ ಒಂದೇ ತಾಳ. ಇಕ್ಬಾಲ ಚಿಣಿಕೋಲನ್ನು ಎಲ್ಲಿದ್ದಲ್ಲೇ ಒಗೆದು ಓಡಿ ಬರುತ್ತಿದ್ದ. ಅವನ ಹಿಂದೆ ಅಲ್ಫಿಯಾ.

*

ಸ್ನಾನಕ್ಕೆಂದು ಹಿತ್ತಲ ಕೋಣೆಗೆ ಚಾದರ ಕಟ್ಟಿದರು. ರಸೂಲಬಿ ಬಿಸಿನೀರು ಹಾಕುತ್ತ, ಒರೆಸುತ್ತ, ಬಾಯಲ್ಲೇ ದುವಾ ಹೇಳಿಕೊಳ್ಳುತ್ತಿದ್ದಳು. ಕುತ್ತಿಗೆಗೆ ಬಂದಾಗ ಅವಳ ಕೈ ನಿಂತಿತು.

“ಎಂಥಾ ಗಂಟಲಾ ಇತ್ತವ್ವಾ ಇದು,” ಎಂದಳು.

ಕರ್ಪೂರ ಅರೆಯುತ್ತಿದ್ದ ಇಕ್ಬಾಲನ ಹೆಂಡತಿ ಆರ್ಜೂ ತಲೆಯೆತ್ತಿದಳು. “ಗಂಟಲಾ ಬ್ಯಾನಿ ಇತ್ತಲ್ಲರಿ ಖಾಲಾ, ನಾ ಬಂದಾಗಿಂದ ನೋಡೇನಿ.”

“ನೀರು ತಣ್ಣಗಾಗತೈತಿ,” ಎಂದು ಅಲ್ಫಿಯಾ ನಡುವೆ ಬಿದ್ದಳು. “ಲಗೂ ಹಾಕ್ರಿ.”

ರಸೂಲಬಿ ಅವಳ ಕಡೆ ನೋಡಿ ತಂಬಿಗೆ ಎತ್ತಿದಳು. ಅಷ್ಟರಲ್ಲಿ ಹಿಂದಿನ ಓಣಿಯಿಂದ ಡಿಜೆಯ ಗುದ್ದು ಒಮ್ಮೆ ಬಂತು. ಗೋಡೆಯ ಮೇಲಿನ ಸಾಬೂನಿನ ಡಬ್ಬಿ ಅಲ್ಲಾಡಿತು. ಅಲ್ಫಿಯಾ ಕಣ್ಣುಮುಚ್ಚಿ ಮುಂದಿನದಕ್ಕೆ ಕಾದಳು. ಬರಲಿಲ್ಲ, ಸ್ಪೀಕರು ನೋಡಲು ಹಚ್ಚಿದ್ದರೇನೋ. ಯಾರನ್ನಾದರೂ ಕಳಿಸಿ ನಿಲ್ಲಿಸಲು ಹೇಳಿಸಬಾರದೇ, ಅವರೇನು ಪರರೇ ಎಂದಳು ರಸೂಲಬಿ. ಅಲ್ಫಿಯಾ ಬೆಳಗಿನಿಂದ ಅದಕ್ಕೂ ಹೆದರಿದ್ದಳು, ಹೇಳಿ ಕಳಿಸಿದರೆ ಆ ಹಾಡಿನ ಮಾತು ಈ ಅಂಗಳದಲ್ಲೂ ಏಳುತ್ತದೆಂದು. ಈಗ ಬೇರೆ ದಾರಿ ಕಾಣದೆ ಗಂಡ ಸಲ್ಮಾನನನ್ನು ಕಳಿಸಿದಳು.

ಅವನು ಬೇಗನೆ ತಿರುಗಿ ಬಂದ. ಮದುವೆಯವರು ಒಳ್ಳೆಯ ಜನ. ಸಾವಿನ ಸುದ್ದಿಯೇ ತಿಳಿದಿರಲಿಲ್ಲವೆಂದು ಹುಡುಗಿಯ ಅಪ್ಪ ಕೈಮುಗಿದನಂತೆ. ಜನಾಜಾದ ಮೆರವಣಿಗೆ ಓಣಿ ದಾಟುವವರೆಗೆ ಏನೂ ಹಚ್ಚುವುದಿಲ್ಲ. ಆಮೇಲೆ ಬೀಗರನ್ನು ಇದಿರುಗೊಳ್ಳುವುದಿದೆ, ಆಗ ಮಾತ್ರ ತಪ್ಪು ತಿಳಿಯಬೇಡಿ ಎಂದನಂತೆ. ಅಲ್ಫಿಯಾಗೆ ಬೆಳಗಿನಿಂದ ಮೊದಲ ಸಲ ಉಸಿರು ಪೂರ್ತಿ ಬಂತು. ಮುಂಬಾಗಿಲ ಪಕ್ಕದ ಕಿಟಕಿಯನ್ನು ಒಂದಿಷ್ಟು ಸರಿಸಿದಳು.

ಸರಿಸಿದ್ದೇ ತಡ, ಅಂಗಳದಲ್ಲಿ ಒಬ್ಬ ಮುದುಕ ಕಂಡ. ಅವನೇ ದತ್ತು, ಸುದ್ದಿ ಮುಟ್ಟಿಸಿದ್ದು ನಾನೇ ಎಂದಳು ಹಿಂದೆ ನಿಂತಿದ್ದ ರಸೂಲಬಿ.

ಧಾರವಾಡದಿಂದ ಬರುವ ಚಿಗರಿ ಬಸ್ಸಿನಿಂದ ಇಳಿದು ಬಿಸಿಲಲ್ಲಿ ನಡೆದು ಬಂದಿದ್ದನೆಂದು ಕಾಣುತ್ತದೆ, ಅಂಗಿ ಬೆನ್ನಿಗೆ ಅಂಟಿತ್ತು. ಇಕ್ಬಾಲ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ತಾನೂ ಪಕ್ಕದಲ್ಲಿ ಕೂತಿದ್ದ. ಮುದುಕ ಏನೋ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅವನ ಬೆರಳುಗಳು ಛತ್ರಿಯ ಹಿಡಿಯ ಮೇಲೆ ತಾಳ ಹಾಕುತ್ತಿದ್ದವು. ಇಕ್ಬಾಲ ತಲೆ ತಗ್ಗಿಸಿ ಕೇಳುತ್ತಿದ್ದ.

*

ಹೋದ ತಿಂಗಳು ಅಲ್ಫಿಯಾ ತವರಿಗೆ ಬಂದಿದ್ದ ದಿನವೇ ಇಕ್ಬಾಲ ಅರ್ಜಿ ಬರೆದು ಮುಗಿಸಿದ್ದ. ಊಟಕ್ಕೆ ಕೂತಾಗ ಅದನ್ನು ಓದಿದ. ಆ ಮನೆಯಲ್ಲಿ ಯಾರೂ ಮಾತಾಡದಷ್ಟು ಗಟ್ಟಿಯಾಗಿ, ಅಮ್ಮೀಯ ಎದುರಿಗೆ ಕೂತು ಓದಿದ. ಇಂಥ ಹೊಲಸು ಶಬ್ದಗಳ ಹಾಡು ನಮ್ಮ ತಾಯಂದಿರ, ಅಕ್ಕತಂಗಿಯರ ಕಿವಿಗೆ ಬೀಳಬಾರದು ಎಂದಿತ್ತು ಅದರಲ್ಲಿ. ಓದಿ ಮುಗಿಸಿ ಹಾಳೆ ಮಡಚಿ ಅಮ್ಮೀಯ ಮುಖ ನೋಡಿದ.

“ಇನ್ನ ಆ ಹಾಡ ಬರಂಗಿಲ್ಲ ಅಮ್ಮೀ,” ಎಂದ.

ಮುರಿದ ರೊಟ್ಟಿ ಗುಲ್ಜಾರಬಿಯ ಕೈಯಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಇಕ್ಬಾಲ ಸಾಲೆಗೆ ಹೋದ ಮೇಲೆ ಮಗಳನ್ನು ಹಾಸಿಗೆಯ ಹತ್ತಿರ ಕರೆದು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ ಒಂದೇ ಮಾತು ಕೇಳಿದಳು.

“ಗೊತ್ತಾದ್ರ ಅಂವ ನನಗ ಮಣ್ಣು ಕೊಡತಾನ ಏನ?”

ಅಲ್ಫಿಯಾ ಹುಬ್ಬಳ್ಳಿಗೆ ತಿರುಗಿ ಹೋಗುವಾಗ ಬಸ್ಸಿನಲ್ಲಿ ಮೊಬೈಲು ಕಿವಿಗೆ ಹಚ್ಚಿಕೊಂಡು ಆ ಹಾಡು ಕೇಳಿದಳು. ಅಮ್ಮೀಗೆ ಅಂಥ ದನಿಯಿತ್ತೆಂದು ನಂಬಲು ಆಗಲಿಲ್ಲ. ಮತ್ತೊಮ್ಮೆ ಹಚ್ಚಿದಳು. ಆಮೇಲೆ ಹಾಡಿನ ಕೆಳಗೆ ಜನ ಬರೆದದ್ದನ್ನು ಓದಿದಳು. ಈ ಹೆಂಗಸು ಯಾರು, ಇನ್ನೂ ಬದುಕಿದ್ದಾಳೆಯೇ, ಹುಡುಕಿ ಮುಖಕ್ಕೆ ಮಸಿ ಬಳಿಯಿರಿ ಎಂದು ಯಾರೋ ಬರೆದಿದ್ದರು. ಅದಕ್ಕೆ ನೂರಾರು ಜನ ಹೂಗುಟ್ಟಿದ್ದರು. ಓದುತ್ತ ಓದುತ್ತ ಇಳಿಯುವ ಸ್ಟಾಪು ದಾಟಿಹೋಗಿತ್ತು.

ಅಂದಿನಿಂದ ಇಕ್ಬಾಲ ಕೋಣೆಗೆ ಬಂದರೆ ಗುಲ್ಜಾರಬಿ ಕಣ್ಣುಮುಚ್ಚಿ ನಿದ್ದೆ ಬಂದವಳ ಹಾಗೆ ಮಲಗುತ್ತಿದ್ದಳು. ಅವನು ಹಣೆ ಮುಟ್ಟಿ ನೋಡಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿದ್ದ. ಮೊದಲೇ ಸೋತಿದ್ದ ಎದೆ. ತಿಂಗಳು ತುಂಬುವುದರೊಳಗೆ ನಿಂತುಹೋಯಿತು.

*

ಅಲ್ಫಿಯಾ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಲ್ಮಾನನ ಕೈಯಲ್ಲಿ ಹೇಳಿಸಿ ದತ್ತುವನ್ನು ಮನೆಯ ಪಕ್ಕದ ನೀರಿನ ತೊಟ್ಟಿಯ ಹತ್ತಿರ ಕರೆಸಿದಳು. ಮುದುಕ ಬಂದು ನೆರಳಿಗೆ ನಿಂತ.

“ಕಾಕಾ, ಭಾಯಿ ಮುಂದ ಏನ ಹೇಳಿದ್ರಿ?”

“ಏನೂ ಇಲ್ಲವಾ. ನಿಮ್ಮಪ್ಪ ನನ್ನ ಸ್ಕೂಟರ್ ರಿಪೇರಿ ಮಾಡ್ತಿದ್ದಾ ಅಂತ ಅಂದೆ, ಅಷ್ಟ.” ಅವನು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. “ಮೊನ್ನೆ ಯಾವುದೋ ಮೊಬೈಲ್ ಚಾನೆಲ್ಲಿನವರು ನನ್ನ ಹುಡಿಕ್ಕೊಂಡು ಬಂದಿದ್ರು. ಖರೇ ಹಾಡಿದಾಕಿ ಯಾರು, ಎಲ್ಲಿದ್ದಾಳ ಅಂತ. ಆಕಿ ಎಂದೋ ಹೋದ್ಲು ಅಂತ ಹೇಳಿ ಕಳಿಸಿದೆ. ಈಗ ನೋಡಿದ್ರ ಹಿಂಗಾತು. ಇದ್ದಾಕೀನ್ನ ಸತ್ಲು ಅಂದ್ನಲ್ಲಾ, ನನ್ನ ನಾಲಿಗಿ ತಟ್ಟಿತೇನೋ ಅಂತ ಹೆದರಿಕಿ ಆಗ್ಯದ.”

ಅವನನ್ನು ಸಮಾಧಾನ ಮಾಡುವಷ್ಟು ಪುರುಸೊತ್ತು ಅಲ್ಫಿಯಾಗೆ ಇರಲಿಲ್ಲ. ದಮ್ಮಯ್ಯ ಎಂದಳು, ಇನ್ನೊಂದು ಮಾತೂ ಆಡಬೇಡಿ ಎಂದಳು, ಭಾಯಿ ಮಣ್ಣು ಕೊಟ್ಟು ಬರುವವರೆಗೆ ಅವನಿಗೆ ಗೊತ್ತಾಗಬಾರದು ಎಂದಳು.

“ಏನ ಗೊತ್ತಾಗಬಾರದು?”

ಇಕ್ಬಾಲ ಹಿಂದೆಯೇ ನಿಂತಿದ್ದ. ಕೈಯಲ್ಲಿ ದತ್ತುವಿಗೆಂದು ತಂದ ನೀರಿನ ಲೋಟ. ಅಲ್ಫಿಯಾ ತೊಟ್ಟಿಯ ಅಂಚು ಹಿಡಿದುಕೊಂಡಳು. ದತ್ತು ನೆಲ ನೋಡುತ್ತಿದ್ದ.

ಇಕ್ಬಾಲ ಲೋಟವನ್ನು ಮುದುಕನ ಕೈಗೆ ಕೊಟ್ಟ. ಅವನು ಕುಡಿಯುವತನಕ ಕಾದ. ಆಮೇಲೆ ಆ ಮನೆಯ ಮೆಲುದನಿಯಲ್ಲಿ ಹೇಳಿದ.

“ಆ ಹಾಡ ಅಮ್ಮೀದು. ಅದ ಹೌದಲ್ಲ? ನನಗ ಗೊತ್ತೈತಿ.”

ಅವನು ಗೋಡೆಗೆ ಒರಗಿ ನಿಂತ.

“ನವನಗರದಾಗ ಚಾದಂಗಡ್ಯಾಗ ಕೂತಿದ್ದೆ. ರೇಡಿಯೊ ಹಚ್ಚಿದ್ರು. ಪರಾತ ಬಡದ ಸಪ್ಪಳ ಬಂತು. ನಾ ಎದ್ದು ನಿಂತಬಿಟ್ಟೆ, ಅಲ್ಫಿಯಾ. ಇಷ್ಟ ದೊಡ್ಡಾಂವ, ಕೈಯಾಗ ಚಾದ ಕಪ್ ಹಿಡಕೊಂಡು, ಮನಿಗೆ ಓಡೂದು ಒಂದ ಬಾಕಿ. ಆಮ್ಯಾಲ ದನಿ ಬಂತು. ನಾ ಎಂದೂ ಕೇಳದ ದನಿ. ಆದ್ರೂ ತಿಳೀತು.” ಅವನು ಟೋಪಿ ತೆಗೆದು ಬೆವರು ಒರೆಸಿಕೊಂಡ. “ಹಾಡ ಮುಗದ ಮ್ಯಾಲ ಅಲ್ಲಿ ಕೂತವರು ಹಾಡಿದಾಕೀನ್ನ ಏನೇನಂದ್ರು. ನನಗ ಅಂಜಿಕಿ ಹತ್ತಿತು. ಆ ಸಪ್ಪಳ ಕೇಳಿ ಬೆಳದವರು ಈ ಓಣ್ಯಾಗ ನಾವಿಬ್ಬರ ಅಲ್ಲ. ನನಗ ಗುರುತ ಸಿಕ್ಕಂಗ ಇನ್ನೊಬ್ಬಗ ಸಿಕ್ರ? ಅದಕ್ಕ ಬಂದ್ ಮಾಡಿಸಿದೆ.”

“ಅಮ್ಮೀ ಮುಂದ ಯಾಕ ಓದಿದಿ ಅದನ್ನ?” ಎಂದು ಕೇಳಿದಳು ಅಲ್ಫಿಯಾ. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಹೊಳೆಯಿತು.

“ಮತ್ತ ಹೆಂಗ ಹೇಳಲಿ? ನಿನ್ನ ಹಾಡ ಅಂತ ನನಗ ಗೊತ್ತೈತಿ, ಹೆದರಬ್ಯಾಡ, ಬಂದ್ ಮಾಡಸತೇನಿ ಅಂತ ಬಾಯಿಬಿಟ್ಟು ಹೇಳಾಕ ನನಗ ಆಗಲಿಲ್ಲ. ಓದಿದ್ರ ತಿಳಕೋತಾಳ ಅಂದ್ಕೊಂಡೆ. ಇನ್ನರ ಆರಾಮ ಇರಲಿ ಅಂತ.” ಅವನು ತಂಗಿಯ ಮುಖ ನೋಡಿದ. “ಆಕಿಗೆ ಸಮಾಧಾನ ಆಗಿತ್ತಲ್ಲ? ನಿನ್ನ ಮುಂದ ಏನರ ಅಂದಳೇನ?”

ಅಲ್ಫಿಯಾಗೆ ಅಮ್ಮೀಯ ಮುಚ್ಚಿದ ಕಣ್ಣು ನೆನಪಾಯಿತು. ಹಣೆ ಮುಟ್ಟಿ ನೋಡಿ ಎದ್ದು ಹೋಗುತ್ತಿದ್ದ ಇವನ ಬೆನ್ನು ನೆನಪಾಯಿತು. ಮಗ ಮಣ್ಣು ಕೊಡುತ್ತಾನೋ ಇಲ್ಲವೋ ಎಂದು ಹೆದರುತ್ತಲೇ ಆಕೆ ಹೋದಳು. ಆ ಮಾತು ಈಗ ಇವನ ಕಿವಿಗೆ ಬಿದ್ದರೆ ಇವನು ಆ ಮಣ್ಣನ್ನು ಯಾವ ಕೈಯಿಂದ ಎತ್ತಿಯಾನು? ಬೆಳಗಿನಿಂದ ಹೊತ್ತುಕೊಂಡು ತಿರುಗಿದ ಹೆದರಿಕೆ ಹೋಗಿತ್ತು. ಅದರ ಜಾಗದಲ್ಲಿ ಬಂದು ಕೂತ ಈ ಹೊಸ ಗುಟ್ಟಿಗೆ ಮಧ್ಯಾಹ್ನದ ನಮಾಜಿನ ಗಡುವು ಇರಲಿಲ್ಲ.

“ಆಗಿತ್ತು ಭಾಯಿ,” ಎಂದಳು ಪಿಸುಮಾತಿನಲ್ಲಿ. “ಮಗಾ ಛಲೋ ಕೆಲಸಾ ಮಾಡಿದಾ ಅಂದ್ಲು.”

ಇಕ್ಬಾಲ ತಲೆಯಾಡಿಸಿದ. ಟೋಪಿಯನ್ನು ತಿರುಗಿ ತಲೆಗೆ ಹಾಕಿಕೊಂಡ. ಖಾಲಿ ಲೋಟ ಹಿಡಿದು ನಿಂತಿದ್ದ ದತ್ತು ಒಮ್ಮೆ ಕೆಮ್ಮಿದ.

“ನಿಮ್ಮ ತಾಯಿ ಮುಖ ನಾ ನೋಡಿಲ್ಲಪಾ, ದನಿ ಒಂದ ಕೇಳೇನಿ,” ಎಂದ. “ಭಾಳ ಛಲೋ ಹಾಡಿದ್ಲು. ಅದನ್ನ ಆಕಿಗೆ ಯಾರೂ ಹೇಳಲೇ ಇಲ್ಲ ನೋಡ್ರಿ. ನಾನೂ ಹೇಳಲಿಲ್ಲ.”

ಮಸೀದಿಯ ಕಡೆಯಿಂದ ಜನಾಜಾದ ಡೋಲಿ ಬಂತೆಂದು ಸಲ್ಮಾನ ಕೂಗಿದ.

ಕಫನಿನ ಬಿಳಿ ಬಟ್ಟೆ ಹೊದಿಸಿ, ಮುಖವೊಂದನ್ನು ತೆರೆದಿಟ್ಟಿದ್ದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ, ಕಹಾ ಸುನಾ ಮಾಫ್ ಎಂದು ಹೇಳಿ ಸರಿದರು. ಆಡಿದ ಮಾತು, ಕೇಳಿಸಿಕೊಂಡ ಮಾತು ಎಲ್ಲ ಕ್ಷಮೆಯಾಗಲಿ ಎಂಬುದು ಹಿಂದಿನಿಂದ ಬಂದ ಪದ್ಧತಿ. ಗಟ್ಟಿಯಾಗಿ ಒಂದು ಮಾತನ್ನೂ ಆಡದೆ ಹೋದವಳಿಗೆ ಅವರು ಯಾವ ಮಾತನ್ನು ಮಾಫ್ ಮಾಡುತ್ತಿದ್ದಾರೋ ಎಂದು ಅಲ್ಫಿಯಾಗೆ ಸಿಟ್ಟೇ ಬಂತು. ಕೊನೆಗೆ ಇಕ್ಬಾಲ ಬಂದ. ಮಂಡಿಯೂರಿ ಅಮ್ಮೀಯ ಕಿವಿಯ ಹತ್ತಿರ ಬಾಯಿಟ್ಟು ಏನೋ ಹೇಳಿದ. ಯಾರಿಗೂ ಕೇಳಿಸಲಿಲ್ಲ. ಹೆಂಗಸರು ಅಳುತ್ತ ಹಿಂದೆ ಸರಿದು ದಾರಿ ಬಿಟ್ಟರು.

ಜನಾಜಾ ಎದ್ದಿತು. ಮಣ್ಣಿಗೆ ಹೋಗುವುದು ಗಂಡಸರು ಮಾತ್ರ. ಹೆಂಗಸರು ಹೊಸ್ತಿಲ ಒಳಗೇ ನಿಂತರು. ಅಲ್ಫಿಯಾ ಮುಂಬಾಗಿಲ ಪಕ್ಕದ ಕಿಟಕಿಯ ಎರಡೂ ಕದ ತೆರೆದಳು. ಇನ್ನು ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ.

ಮುಂದಿನ ಸಾಲು ಟೋಪಿಗಳು ಗೇಟು ದಾಟಿ ಓಣಿಯ ತಿರುವಿಗೆ ಹೋದವು. ಡೋಲಿ ಇನ್ನೂ ಅಂಗಳದಲ್ಲೇ ಇತ್ತು. ಗೇಟು ಇಕ್ಕಟ್ಟು, ಹೆಗಲು ಬದಲಿಸಿಕೊಳ್ಳುತ್ತಿದ್ದರು. ಹಿಂದಿನ ಓಣಿಯಲ್ಲಿ ಡಿಜೆಯವನು ತಿರುವಿನಲ್ಲಿ ಹೋಗುವ ಟೋಪಿಗಳನ್ನು ಕಂಡು, ಜನಾಜಾ ದಾಟಿತೆಂದೇ ತಿಳಿದಿರಬೇಕು.

ಟಣ್, ಟಟಣ್, ಟಣ್.

ಓಣಿಯ ಗೋಡೆಗಳೆಲ್ಲ ಆ ತಾಳಕ್ಕೆ ನಡುಗಿದವು. ರಸೂಲಬಿ ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಳು. ಆಮೇಲೆ ಆ ದನಿ ಬಂತು, ಹರೆಯದ ಹೆಣ್ಣಿನ ದನಿ, ಯಾರಿಗೂ ಹೆದರದ್ದು. ದೊಡ್ಡೋರ ಬೀಗತಿ ಬಂದಾಳ, ಎಂದಿತು. ಅಷ್ಟರಲ್ಲಿ ಅಲ್ಲಿ ಯಾರೋ ಬೈಯುತ್ತ ಓಡಿ ವೈರು ಕಿತ್ತರು. ಸಾಲು ಅರ್ಧಕ್ಕೆ ನಿಂತಿತು.

ಅಂಗಳದಲ್ಲಿ ಕಲಿಮಾ ಹೇಳುತ್ತಿದ್ದವರೂ ಬಾಯಿ ಮುಚ್ಚಿದ್ದರು. ಎಲ್ಲರ ಕಣ್ಣೂ ಇಕ್ಬಾಲನ ಮೇಲೆ. ಆ ಹಾಡನ್ನು ನಿಲ್ಲಿಸಿದವನು ಅವನು, ಈಗ ಮದುವೆಯವರ ಗತಿಯೇನೆಂದು ಜನ ಕಾದರು. ಇಕ್ಬಾಲ ಡೋಲಿಯ ಮುಂದಿನ ಹಿಡಿಗೆ ಹೆಗಲು ಕೊಟ್ಟವನು ನಡೆಯುವುದನ್ನು ನಿಲ್ಲಿಸಿದ್ದ. ಹಿಂದಿನವರೂ ನಿಂತರು. ಅವನು ಹಿಂದಿನ ಓಣಿಯ ಕಡೆ ನೋಡಲಿಲ್ಲ. ಭಾರದ ಕೆಳಗೆ ಕುತ್ತಿಗೆ ಹೊರಳಿಸಿ ಹೊಸ್ತಿಲನ್ನು ನೋಡುತ್ತಿದ್ದ. ಅವನ ಒಂದು ಹೆಜ್ಜೆ ಆಗಲೇ ಮನೆಯ ಕಡೆ ತಿರುಗಿತ್ತು.